ಯಾರಿಗೆ ಹೇಳಬೇಕು, ಯಾರನ್ನು ಕೇಳಬೇಕು, ವಿಡಿಯೋನಾ ಬರಹಾನಾ?

ಕಾಲೇಜು ಪತ್ರಿಕೆಯ ಹುಡುಗ ಹುಡುಗಿಯರ ಜೊತೆ ಕೂತಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ. "ಇದನ್ನ ವಿಡಿಯೋ ಮಾಡೋದಾ, ಬರೆಯೋದಾ, ಪಾಡ್‌ಕಾಸ್ಟಾ?" ನಾನು ತಿರುಗಿಸಿ ಕೇಳುತ್ತೇನೆ: ಯಾರಿಗೆ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಯಾರಾದರೊಬ್ಬರು "ಎಲ್ಲರಿಗೂ" ಅನ್ನುತ್ತಾರೆ.

ಬೈಯುವ ಹಕ್ಕು ನನಗಿಲ್ಲ, ನಾನು ಶುರು ಮಾಡಿದ್ದೂ ಹೀಗೇ. ನಾವು ಓದುವಾಗ ಒಮ್ಮೆ ಲೈಬ್ರರಿ ಮುಚ್ಚುವ ಸಮಯವನ್ನು ರಾತ್ರಿ ಹತ್ತರಿಂದ ಏಳಕ್ಕೆ ಇಳಿಸಿದರು. ನಾಲ್ಕು ಜನ ಕ್ಯಾಮೆರಾ ಹಿಡಿದು ಓಡಿದೆವು. ಆರು ಜನರ ಬೈಟ್, ಅಂದರೆ ಕ್ಯಾಮೆರಾ ಮುಂದಿನ ಹೇಳಿಕೆ, ತೆಗೆದುಕೊಂಡೆವು. ಆರೂ ಜನ ನಮ್ಮದೇ ಕ್ಲಾಸಿನವರು, ಆರೂ ಜನ ಹೇಳಿದ್ದು "ತುಂಬಾ ತೊಂದರೆ ಆಗಿದೆ" ಅಂತ. ಲೈಬ್ರರಿಯನ್ ಕ್ಯಾಮೆರಾ ಮುಂದೆ ಬರಲು ಒಪ್ಪಲಿಲ್ಲ, ಅದನ್ನೂ ಏನೋ ದೊಡ್ಡ ಗುಟ್ಟು ಬಯಲು ಮಾಡಿದವರ ಹಾಗೆ ವಿಡಿಯೋದಲ್ಲಿ ಹೇಳಿಕೊಂಡೆವು. ಮರುದಿನ ಜೂನಿಯರ್ ಒಬ್ಬಳು ಬಂದು, "ಕಾರಣ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದಾರಲ್ವಾ?" ಅಂದಳು. ವೈರಿಂಗ್ ಬದಲಿಸುವ ಕೆಲಸ, ಮೂರು ವಾರ ಮಾತ್ರ. ನಾವು ಆ ಬೋರ್ಡಿನ ಮುಂದೆಯೇ ನಿಂತು ಶೂಟ್ ಮಾಡಿದ್ದೆವು.

ಅಂಗಿ ಹೊಲಿದು ಆಮೇಲೆ ಅಳತೆ ತೆಗೆದುಕೊಂಡ ಹಾಗಾಯಿತು. ಅವತ್ತಿನಿಂದ ನನ್ನ ಕ್ರಮ ಇಷ್ಟೇ: ಮೊದಲು ಓದುಗರು ಯಾರು, ಆಮೇಲೆ ಮೂಲ (ಅಂದರೆ ಮಾಹಿತಿ ಕೊಡುವವರು) ಯಾರು, ವಿಡಿಯೋನಾ ಬರಹಾನಾ ಅನ್ನುವುದು ಕೊನೆಗೆ. ಈ ಕ್ರಮದಲ್ಲಿ ಹೋದರೆ ಕೊನೆಯ ಪ್ರಶ್ನೆ ಬಹಳ ಸಲ ತಾನಾಗಿಯೇ ಬಗೆಹರಿಯುತ್ತದೆ.

ಯಾವುದರಿಂದ ಅಳೆಯುವುದು

ಐದು ಪ್ರಶ್ನೆ ಸಾಕು. ಈ ಸುದ್ದಿ ತಿಳಿದ ಮೇಲೆ ಯಾರು ಏನು ಮಾಡಬಲ್ಲರು? ಹೇಳುವವರಿಗೆ ಇದು ಹೇಗೆ ಗೊತ್ತು, ಕಂಡದ್ದಾ ಕೇಳಿದ್ದಾ? ಹೇಳಿದರೆ ಅವರಿಗೆ ಏನು ಲಾಭ, ಏನು ಪೆಟ್ಟು? ನಮ್ಮ ಕೈಯಲ್ಲಿ ಎಷ್ಟು ದಿನ, ಎಷ್ಟು ಜನ, ಏನೇನು ಸಲಕರಣೆ ಇದೆ? ಕೊನೆಯದು, ತಪ್ಪಾದರೆ ತಿದ್ದಲು ಆಗುತ್ತದಾ?

ಐದನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ವಿದ್ಯಾರ್ಥಿ ಪತ್ರಕರ್ತರಿಗೆ ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಕಲಿಯುವವರು ತಪ್ಪು ಮಾಡಿಯೇ ಮಾಡುತ್ತಾರೆ, ಆ ತಪ್ಪನ್ನು ಮರುದಿನ ಕ್ಯಾಂಟೀನಿನಲ್ಲಿ ಎದುರಿಗೆ ಸಿಗುವ ಜನರ ಬಗ್ಗೆಯೇ ಮಾಡಿರುತ್ತಾರೆ.

ಯಾರಿಗೆ

ಲೈಬ್ರರಿ ಸುದ್ದಿಯನ್ನೇ ತೆಗೆದುಕೊಳ್ಳಿ. ಕಡಿಮೆ ಅಂದರೂ ಮೂರು ಗುಂಪಿನ ಓದುಗರಿದ್ದಾರೆ.

ರಾತ್ರಿ ಅಲ್ಲಿ ಕೂತು ಓದುವವರು ಮೊದಲನೆಯವರು. ಸಮಸ್ಯೆ ಏನು ಅಂತ ಅವರಿಗೆ ನೀವು ವಿವರಿಸಬೇಕಿಲ್ಲ, ಅದನ್ನು ದಿನಾ ಅನುಭವಿಸುತ್ತಿರುವವರೇ ಅವರು. ಎಷ್ಟು ದಿನ ಹೀಗೆ, ಅಲ್ಲಿಯವರೆಗೆ ಬೇರೆ ಯಾವ ಕೋಣೆ ತೆರೆದಿರುತ್ತದೆ, ಯಾರಿಗೆ ಮನವಿ ಕೊಡಬೇಕು, ಇಷ್ಟು ಹೇಳಿದರೆ ಸಾಕು. ಎಂಟು ಸಾಲಿನ ಸುದ್ದಿ. ಬೇಕಾದರೆ ಒಂದು ಪೋಸ್ಟರ್, ಒಂದು ವಾಟ್ಸಾಪ್ ಸಂದೇಶ.

ಎರಡನೆಯವರು ನಿರ್ಧಾರ ತೆಗೆದುಕೊಳ್ಳುವವರು. ಅವರಿಗೆ "ತುಂಬಾ ತೊಂದರೆ" ಅನ್ನುವ ಮಾತಿನಿಂದ ಏನೂ ಆಗುವುದಿಲ್ಲ. ಏಳು ಗಂಟೆಯ ಮೇಲೆ ದಿನಕ್ಕೆ ಎಷ್ಟು ಜನ ಬರುತ್ತಿದ್ದರು ಅನ್ನುವ ಎಣಿಕೆ ಬೇಕು, ಪರೀಕ್ಷೆಯ ತಾರೀಕುಗಳ ಪಕ್ಕ ಇಟ್ಟು ತೋರಿಸಬೇಕು. ಮೂರನೆಯವರು ಹೊರಗಿನವರು, ಅಂದರೆ ಪೋಷಕರು, ಹಳೆಯ ವಿದ್ಯಾರ್ಥಿಗಳು, ಮುಂದಿನ ವರ್ಷ ಸೇರುವವರು. ಅವರಿಗೆ ಲೈಬ್ರರಿ ಎಲ್ಲಿದೆ ಅಂತಲೂ ಗೊತ್ತಿಲ್ಲ, ಹಿನ್ನೆಲೆ ಕೊಡಬೇಕು, ಒಬ್ಬ ವಿದ್ಯಾರ್ಥಿಯ ಕಥೆಯಿಂದ ಒಳಗೆ ಕರೆದುಕೊಂಡು ಹೋಗಬೇಕು.

ಮೂರನ್ನೂ ಒಂದರಲ್ಲೇ ತುರುಕಿದರೆ ಮೊದಲ ಗುಂಪಿಗೆ ಬೇಜಾರು, ಎರಡನೆಯದಕ್ಕೆ ಪೊಳ್ಳು, ಮೂರನೆಯದಕ್ಕೆ ಗೊಂದಲ. ಸಣ್ಣ ಗುಂಪು ಆರಿಸಿಕೊಂಡರೆ ವೀಕ್ಷಣೆ ಕಡಿಮೆಯಾಗುತ್ತದೆ, ನಿಜ. ಆದರೆ ನೂರು ಜನರಲ್ಲಿ ಎಂಬತ್ತು ಜನಕ್ಕೆ ಉಪಯೋಗವಾಗುವ ಸುದ್ದಿ, ಸಾವಿರ ಜನ ಬೆರಳಿನಲ್ಲಿ ಮೇಲೆ ತಳ್ಳಿಬಿಡುವ ಸುದ್ದಿಗಿಂತ ವಾಸಿ. ಲೈಕ್ ಎಣಿಸುವ ಗೆಳೆಯರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ಯಾರನ್ನು

ಇಲ್ಲಿ ಸ್ವಲ್ಪ ನಿಲ್ಲೋಣ. ಜಾಸ್ತಿ ಎಡವುವುದು ಇಲ್ಲೇ.

ತೊಂದರೆ ಅನುಭವಿಸಿದವರು, ಕಣ್ಣಾರೆ ಕಂಡವರು. ಇವರ ಮಾತಿಗೆ ಜೀವ ಇರುತ್ತದೆ, ಬೇಗ ಸಿಗುತ್ತಾರೆ, ಖರ್ಚಿಲ್ಲ. ಆದರೆ ಏನಾಯಿತು ಅಂತ ಹೇಳಬಲ್ಲವರಿಗೆ ಯಾಕಾಯಿತು ಅಂತ ಗೊತ್ತಿರಬೇಕಿಲ್ಲ. ನಾವು ಮಾತ್ರ ಎರಡನ್ನೂ ಅವರ ಬಾಯಿಂದಲೇ ಹೇಳಿಸುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಇನ್ನೊಂದು ತೊಡಕು, ಸುಲಭವಾಗಿ ಸಿಗುವವರು ನಮ್ಮ ಹಾಗೆಯೇ ಇರುವವರು. ರೂಮ್‌ಮೇಟನ್ನು ಮೂಲ ಮಾಡಿಕೊಳ್ಳಲೇಬೇಡಿ. ಬೇರೆ ವಿಭಾಗದವರು, ಬೇರೆ ವರ್ಷದವರು, ದೂರದಿಂದ ಬಂದು ಹೋಗುವವರು, ಸಂಜೆ ಕೆಲಸಕ್ಕೆ ಹೋಗುವವರು, ಹೀಗೆ ಹುಡುಕಿ. "ನನಗೇನೂ ತೊಂದರೆ ಆಗಿಲ್ಲ" ಅನ್ನುವ ಒಬ್ಬರು ಸಿಗುವವರೆಗೆ ಸುತ್ತಾಡಿ. ಅವರು ಸಿಕ್ಕ ಮೇಲೆಯೇ ಸುದ್ದಿ ಎಷ್ಟು ದೊಡ್ಡದು ಅನ್ನುವ ಅಂದಾಜು ಸಿಗುವುದು.

ಅಧಿಕಾರಿ, ವಕ್ತಾರರು. ಕಾರಣ ಗೊತ್ತಿರುವುದು ಇವರಿಗೆ, ಹೆಸರು ಹಾಕಲೂ ಅಡ್ಡಿ ಇಲ್ಲ. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಧಾಟಿಯಲ್ಲೇ ಮಾತಾಡುತ್ತಾರೆ. "ಪರಿಶೀಲಿಸುತ್ತೇವೆ" ಅಂದರೆ ಯಾವ ತಾರೀಕಿನೊಳಗೆ ಅಂತ ಕೇಳಿ, ಉತ್ತರ ಬರಲಿ ಬರದಿರಲಿ. ಇವರನ್ನೇ ನಂಬಿದರೆ ನಿಮ್ಮ ವರದಿ ಅವರದೇ ಪತ್ರಿಕಾ ಪ್ರಕಟಣೆಯಾಗುತ್ತದೆ, ಬಿಟ್ಟರೆ ಆರೋಪಪಟ್ಟಿಯಾಗುತ್ತದೆ. ಯಾರ ಮೇಲಾದರೂ ಆರೋಪವಿದ್ದರೆ ಅವರಿಗೆ ಮೊದಲೇ ತಿಳಿಸಿ, ಏನು ಆರೋಪ ಅನ್ನುವುದನ್ನು ಬಿಡಿಸಿ ಹೇಳಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಡಿ. ರಾತ್ರಿ ಒಂಬತ್ತಕ್ಕೆ ಮೆಸೇಜ್ ಕಳಿಸಿ ಹತ್ತಕ್ಕೆ "ಪ್ರತಿಕ್ರಿಯೆ ಸಿಗಲಿಲ್ಲ" ಅಂತ ಹಾಕುವುದು ಮೋಸ.

ಹೀಗೆ ಸಂಬಂಧಪಟ್ಟವರನ್ನೆಲ್ಲ ಕೇಳಿ ಪರಿಶೀಲಿಸುವುದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2014ರಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿ ನಡೆಯಿತೆನ್ನಲಾದ ಅತ್ಯಾಚಾರದ ವರದಿ ಹಾಕಿತು. ಅದು ನಿಂತಿದ್ದು ಮುಖ್ಯವಾಗಿ ಒಬ್ಬರ ಮಾತಿನ ಮೇಲೆ. ಆ ರಾತ್ರಿಯ ಬಗ್ಗೆ ಗೊತ್ತಿದ್ದ ಮೂವರು ಸ್ನೇಹಿತರ ಮಾತುಗಳು ವರದಿಯಲ್ಲಿದ್ದವು, ಆದರೆ ಆ ಮೂವರನ್ನು ವರದಿಗಾರ್ತಿ ಸಂಪರ್ಕಿಸಿಯೇ ಇರಲಿಲ್ಲ. 2015ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಪತ್ರಿಕೋದ್ಯಮ ಶಾಲೆಯ ಪರಿಶೀಲನಾ ವರದಿ ಬಂತು, ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ನೊಂದೆ ಅನ್ನುವವರನ್ನು ಅನುಮಾನಿಸಿ ಅಂತ ನಾನು ಹೇಳುತ್ತಿಲ್ಲ. ಪರಿಶೀಲಿಸದೆ ಬರೆದಿದ್ದರಿಂದ ಹೆಚ್ಚು ಪೆಟ್ಟು ಬಿದ್ದಿದ್ದು ಮುಂದೆ ಬಂದು ಹೇಳಬೇಕಿದ್ದ ಬೇರೆಯವರಿಗೆ. ಮೂರು ಫೋನ್ ಕರೆ ಮಾಡಿದ್ದರೆ ತಪ್ಪುತ್ತಿತ್ತು.

ದಾಖಲೆ. ನನ್ನ ಮೆಚ್ಚಿನ ಮೂಲ, ಮುಚ್ಚಿಟ್ಟು ಏನು ಮಾಡಲಿ. ನೋಟಿಸ್, ಸಭೆಯ ನಡಾವಳಿ, ಬಜೆಟ್, ಟೆಂಡರ್, ಫಲಿತಾಂಶದ ಪಟ್ಟಿ. ದಾಖಲೆ ಮಾತು ಬದಲಿಸುವುದಿಲ್ಲ, ಕ್ಯಾಮೆರಾಗೆ ಹೆದರುವುದಿಲ್ಲ. 2017ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಪಿಟ್ಸ್‌ಬರ್ಗ್ ಊರಿನ ಹೈಸ್ಕೂಲು ಮಕ್ಕಳು ತಮ್ಮ ಶಾಲೆಗೆ ಹೊಸದಾಗಿ ನೇಮಕವಾಗಿದ್ದ ಪ್ರಾಂಶುಪಾಲರ ಪದವಿಗಳನ್ನು ಸುಮ್ನೆ ಹುಡುಕಿ ನೋಡಿದರು. ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ ಮಾನ್ಯತೆಯೇ ಕಾಣಲಿಲ್ಲ. ವರದಿ ಬಂದ ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಸ್ಟ್ಯಾನ್‌ಫರ್ಡ್ ಡೈಲಿ 2022ರ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರ ಹೆಸರಿದ್ದ ಸಂಶೋಧನಾ ಪ್ರಬಂಧಗಳ ಚಿತ್ರಗಳನ್ನು ತಿರುಚಲಾಗಿದೆಯಾ ಅಂತ ಪ್ರಶ್ನೆ ಎತ್ತಿತು. ಪ್ರಬಂಧಗಳು ಯಾರು ಬೇಕಾದರೂ ನೋಡಬಹುದಾದವು. ಚಿತ್ರಗಳನ್ನು ಪರೀಕ್ಷಿಸಬಲ್ಲ ತಜ್ಞರ ಹತ್ತಿರ ಅದನ್ನು ಒಯ್ದಿದ್ದರಲ್ಲಿ ಇವರ ಜಾಣತನ ಇದೆ. 2023ರ ಜುಲೈನಲ್ಲಿ ಅಧ್ಯಕ್ಷರು ರಾಜೀನಾಮೆ ಘೋಷಿಸಿದರು. ಅವರೇ ಅಕ್ರಮ ಎಸಗಿದರು ಅಂತ ತನಿಖಾ ಸಮಿತಿ ಹೇಳಲಿಲ್ಲ, ತಪ್ಪುಗಳು ಗೊತ್ತಾದಾಗ ಸರಿಯಾಗಿ ತಿದ್ದಲಿಲ್ಲ ಅಂದಿತು. ಈ ಎರಡರ ನಡುವಿನ ವ್ಯತ್ಯಾಸವನ್ನು ನಿಮ್ಮ ವಾಕ್ಯ ಹಿಡಿದಿಡಬೇಕು, ಹೆಡ್ಡಿಂಗ್ ಕೂಡ.

ದಾಖಲೆಯ ಕೊರತೆ ಅಂದರೆ ಸಮಯ. ಮಾಹಿತಿ ಹಕ್ಕಿನ ಕಾನೂನು ಬಹಳ ದೇಶಗಳಲ್ಲಿದೆ, ಸ್ವೀಡನ್ನಿನದು 1766ರಷ್ಟು ಹಳೆಯದು. ಆದರೆ ಉತ್ತರ ಕೊಡಲು ಭಾರತದ 2005ರ ಕಾಯ್ದೆಯಲ್ಲಿ ಸಾಮಾನ್ಯವಾಗಿ 30 ದಿನದ ಗಡುವು, ಬ್ರಿಟನ್ನಿನಲ್ಲಿ 20 ಕೆಲಸದ ದಿನ. ಶುಕ್ರವಾರದ ಡೆಡ್‌ಲೈನಿಗೆ ಇದು ಆಗದ ಮಾತು. ಸೆಮಿಸ್ಟರ್ ಶುರುವಿನಲ್ಲೇ ಅರ್ಜಿ ಹಾಕಿ ಮರೆತುಬಿಡಿ, ಬಂದಾಗ ಬರಲಿ. ಇನ್ನೊಂದು ಕೊರತೆ, ದಾಖಲೆಯಲ್ಲಿ ಮನುಷ್ಯರಿರುವುದಿಲ್ಲ. ಅದೊಂದನ್ನೇ ಇಟ್ಟು ಬರೆದರೆ ಓದುಗ ಎರಡನೇ ಪ್ಯಾರಾದಲ್ಲಿ ಎದ್ದು ಹೋಗುತ್ತಾನೆ.

ತಜ್ಞರು. ಕಡಿಮೆ ಬಳಸಿ, ಸರಿಯಾದ ಕಡೆ ಬಳಸಿ. ಪ್ರಾಧ್ಯಾಪಕರಾದ ಮಾತ್ರಕ್ಕೆ ಎಲ್ಲದರ ತಜ್ಞರಲ್ಲ, ಅದರಲ್ಲೂ ನಿಮಗೆ ಅಂಕ ಕೊಡುವ ಪ್ರಾಧ್ಯಾಪಕರನ್ನು ದೂರ ಇಡಿ.

ಹೆಸರು ಬೇಡ ಅನ್ನುವವರು. ಮಾತು ಶುರುವಾಗುವ ಮೊದಲೇ ಒಪ್ಪಂದ ಆಗಬೇಕು. ಆನ್ ದಿ ರೆಕಾರ್ಡ್ ಅಂದರೆ ಹೆಸರು, ಮಾತು ಎರಡನ್ನೂ ಬಳಸಬಹುದು. ಬ್ಯಾಕ್‌ಗ್ರೌಂಡ್ ಅಂದರೆ ಸಾಮಾನ್ಯವಾಗಿ ಮಾತು ಬಳಸಬಹುದು, ಹೆಸರು ಹಾಕುವ ಹಾಗಿಲ್ಲ. ಆಫ್ ದಿ ರೆಕಾರ್ಡ್ ಅಂದರೆ ಬಳಸುವ ಹಾಗೇ ಇಲ್ಲ. ಈ ಪದಗಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಪದ ಬಿಟ್ಟು, "ಇದನ್ನು ಬರೆಯಬಹುದಾ? ನಿಮ್ಮನ್ನು ಏನಂತ ಕರೆಯಲಿ?" ಅಂತಲೇ ಕೇಳಿಬಿಡಿ. ಸಣ್ಣ ಕ್ಯಾಂಪಸ್ಸಿನಲ್ಲಿ "ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ" ಅಂದರೆ ಸಾಕು, ಯಾರು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಾತು ಕೊಡುವ ಮೊದಲು ಇದನ್ನು ಅವರಿಗೂ ಹೇಳಿ. ವಾಟರ್‌ಗೇಟ್ ಹಗರಣ (ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದದ್ದು) ಬಯಲಾದಾಗ ಪತ್ರಕರ್ತರಿಗೆ ನೆರವಾದ ಹೆಸರಿಲ್ಲದ ಆ ಪ್ರಸಿದ್ಧ ಮೂಲ ಎಫ್‌ಬಿಐ ಅಧಿಕಾರಿ ಮಾರ್ಕ್ ಫೆಲ್ಟ್ ಅಂತ ಲೋಕಕ್ಕೆ ತಿಳಿದದ್ದು 2005ರಲ್ಲಿ, ಅಂದರೆ ಮೂವತ್ತು ವರ್ಷ ಕಳೆದ ಮೇಲೆ, ಅದೂ ಅವರಾಗಿಯೇ ಹೇಳಿದಾಗ. ಎಲ್ಲರೂ ಮರೆಯುವ ಸಂಗತಿ ಅಂದರೆ, ವರದಿಗಾರರು ಅವರನ್ನು ಹೆಚ್ಚಾಗಿ ಬಳಸಿದ್ದು ಬೇರೆ ಕಡೆ ಸಿಕ್ಕಿದ್ದನ್ನು ಖಚಿತಪಡಿಸಿಕೊಳ್ಳಲು. ಹೆಸರಿಲ್ಲದ ಮೂಲ ನಿಮಗೆ ದಾರಿ ತೋರಿಸಲಿ, ವರದಿಯ ಭಾರ ಮಾತ್ರ ಅವರೊಬ್ಬರ ಮೇಲೆ ಬೀಳದಿರಲಿ.

ಸೋಷಿಯಲ್ ಮೀಡಿಯಾ ಪೋಸ್ಟು, ಗ್ರೂಪಿನ ಸ್ಕ್ರೀನ್‌ಶಾಟು. ಸುಳಿವು ಅಂದುಕೊಳ್ಳಿ, ಪುರಾವೆ ಅಂದುಕೊಳ್ಳಬೇಡಿ. ಮೊದಲು ಹಾಕಿದವರು ಯಾರು ಅಂತ ಹುಡುಕಿ ಅವರ ಹತ್ತಿರ ಮಾತಾಡಿ. ಫೋಟೋ ಇದ್ದರೆ ರಿವರ್ಸ್ ಇಮೇಜ್ ಸರ್ಚ್ ಮಾಡಿ, ಅಂದರೆ ಅದೇ ಫೋಟೋ ಮೊದಲು ಎಲ್ಲಿ ಬಂದಿತ್ತು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ. ಹಳೆಯ ಫೋಟೋಗೆ ಹೊಸ ತಲೆಬರಹ ಕೊಟ್ಟಿರುವುದು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಎಐ ಚಾಟ್‌ಬಾಟ್ ಅಂತೂ ಮೂಲವೇ ಅಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ ದಂಡ ಕಟ್ಟಿದರು. ಏನು ಪ್ರಶ್ನೆ ಕೇಳಬೇಕು ಅಂತ ಯೋಚಿಸಲು ಬಳಸಿಕೊಳ್ಳಿ, ಉತ್ತರ ಮಾತ್ರ ಮನುಷ್ಯರಿಂದಲೋ ದಾಖಲೆಯಿಂದಲೋ ಬರಲಿ.

ಒಟ್ಟು ಎಷ್ಟು ಮೂಲ ಬೇಕು ಅಂತ ಕೇಳುತ್ತಾರೆ. ಎಣಿಕೆಗಿಂತ ಅವು ಬೇರೆಬೇರೆ ಕಡೆಯಿಂದ ಬಂದವಾ ಅನ್ನುವುದು ಮುಖ್ಯ. ಒಬ್ಬರಿಂದಲೇ ಕೇಳಿದ ನಾಲ್ವರು ಸೇರಿದರೂ ಅದು ಒಂದೇ ಮೂಲ. ಸಣ್ಣ ಸುದ್ದಿಗೆ ಅನುಭವಿಸಿದ ಒಬ್ಬರು, ಉತ್ತರ ಕೊಡಬೇಕಾದ ಒಬ್ಬರು, ಒಂದು ಕಾಗದ ಇದ್ದರೆ ನನ್ನ ಮಟ್ಟಿಗೆ ಸಾಕು.

ಯಾವ ರೂಪದಲ್ಲಿ

ಬರಹ ಅಗ್ಗ, ಬೇಗ ಆಗುತ್ತದೆ, ಒಬ್ಬರೇ ಮಾಡಬಹುದು. ತಪ್ಪಾದರೆ ತಿದ್ದಿ, ಕೆಳಗೆ "ತಿದ್ದಲಾಗಿದೆ" ಅಂತ ಬರೆಯಬಹುದು. ಸಂಖ್ಯೆ, ತಾರೀಕು, ಯಾರು ಏನು ಹೇಳಿದರು ಅನ್ನುವ ಸೂಕ್ಷ್ಮ, ಇವಕ್ಕೆಲ್ಲ ಬರಹವೇ ಸರಿ. ಹೆಸರು ಮುಚ್ಚಿಡಬೇಕಾದ ಮೂಲ ಇದ್ದರಂತೂ ಬೇರೆ ಯೋಚನೆಯೇ ಬೇಡ. ಕೊರತೆ ಒಂದೇ, ನಮ್ಮ ವಯಸ್ಸಿನವರು ಓದುವುದಿಲ್ಲ ಅನ್ನುತ್ತಾರೆ. ಓದುತ್ತಾರೆ ಕಣ್ರೀ, ಮೊದಲ ಮೂರು ಸಾಲಿನಲ್ಲಿ ವಿಷಯ ಇದ್ದರೆ.

ವಿಡಿಯೋ ಯಾವಾಗ ಬೇಕು? ನೋಡಿದರೆ ಮಾತ್ರ ಅರ್ಥವಾಗುವಂಥದ್ದು ಇದ್ದಾಗ. ಸೋರುವ ಸೂರು, ಗಾಲಿಕುರ್ಚಿ ಹತ್ತಲಾಗದ ಮೆಟ್ಟಿಲು, ಪ್ರತಿಭಟನೆ. ಬರೀ ಒಬ್ಬರು ಕೂತು ಮಾತಾಡುವುದಾದರೆ ಅದು ಉದ್ದ ಮಾಡಿದ ಬರಹ ಅಷ್ಟೇ. ಇಂಗ್ಲಿಷಿನಲ್ಲಿ ಸುದ್ದಿ ಓದುವ ವೇಗ ನಿಮಿಷಕ್ಕೆ ಸುಮಾರು 150 ಪದ ಅನ್ನುತ್ತಾರೆ. ಕನ್ನಡದ ಪದಗಳು ಉದ್ದ, ನಾನು ಗಡಿಯಾರ ಇಟ್ಟು ಓದಿದಾಗ ನೂರರ ಆಸುಪಾಸಿಗೆ ನಿಂತಿತು. ಅಂದರೆ ಆರುನೂರು ಪದದ ವರದಿ ಆರು ನಿಮಿಷದ ವಿಡಿಯೋ. ಒಂದೂವರೆ ನಿಮಿಷಕ್ಕೆ ಇಳಿಸಿದರೆ ಮುಕ್ಕಾಲು ಪಾಲು ವಿಷಯ ಬಿಡಬೇಕು, ಮೊದಲು ಹೋಗುವುದು "ಆದರೆ" ಅಂತ ಶುರುವಾಗುವ ವಾಕ್ಯಗಳೇ. ಮತ್ತೆ, ವಿಡಿಯೋ ಒಮ್ಮೆ ಫಾರ್ವರ್ಡ್ ಆಯಿತೋ, ತಿದ್ದಿದ ಪ್ರತಿ ಅದನ್ನು ಹಿಂಬಾಲಿಸಿ ಹಿಡಿಯಲು ಸಾಧ್ಯವಿಲ್ಲ. ನಮ್ಮ ಲೈಬ್ರರಿ ವಿಡಿಯೋ ಅಳಿಸಿ ಎರಡು ತಿಂಗಳಾದ ಮೇಲೂ ಯಾವುದೋ ಗ್ರೂಪಿನಲ್ಲಿ ತಿರುಗುತ್ತಿತ್ತು.

ಮಾಡುವುದೇ ಆದರೆ ದುಡ್ಡು ಕ್ಯಾಮೆರಾಗೆ ಬೇಡ, ಫೋನಿನ ಕ್ಯಾಮೆರಾ ಸಾಕು. ಕೈಯಲ್ಲಿ ಸ್ವಲ್ಪ ಇದ್ದರೆ ಒಂದು ಕಾಲರ್ ಮೈಕ್ ತೆಗೆದುಕೊಳ್ಳಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಬಿಟ್ಟು ಹೋಗುತ್ತಾರೆ. ಫೋನಿಗೆ ಉದ್ದುದ್ದ 9:16, ದೊಡ್ಡ ಪರದೆಗೆ ಅಡ್ಡ 16:9, ಯಾವುದು ಅನ್ನುವುದನ್ನು ಶೂಟ್ ಮಾಡುವ ಮೊದಲೇ ತೀರ್ಮಾನಿಸಿ. ಮಾತನ್ನು ಪರದೆಯ ಮೇಲೆ ಅಕ್ಷರದಲ್ಲೂ (ಸಬ್‌ಟೈಟಲ್) ಹಾಕುವುದನ್ನು ಮರೆಯಬೇಡಿ, ಸದ್ದು ಮುಚ್ಚಿ ನೋಡುವವರೂ ಇದ್ದಾರೆ, ಕಿವಿ ಕೇಳದವರೂ ಇದ್ದಾರೆ.

ಆಡಿಯೋಗೆ ಬೇರೆಯದೇ ಶಕ್ತಿ. ಕ್ಯಾಮೆರಾ ಕಂಡರೆ ಮುದುಡಿಕೊಳ್ಳುವವರು ಮೈಕ್ ಮುಂದೆ ಅರ್ಧ ಗಂಟೆಯಲ್ಲಿ ಅದನ್ನು ಮರೆತೇಬಿಡುತ್ತಾರೆ. ನೆನಪು, ದುಃಖ, ಒಬ್ಬರ ಜೀವನದ ಕಥೆ, ಇವು ದನಿಯಲ್ಲಿ ಚೆನ್ನ. ಸಂಖ್ಯೆ ಜಾಸ್ತಿ ಇದ್ದರೆ ಬೇಡ, ಕೇಳುಗ ಬೆರಳು ಮಡಚಿ ಲೆಕ್ಕ ಹಾಕುವುದಿಲ್ಲ. ಖರ್ಚು ಕಡಿಮೆ, ಸಮಯ ಜಾಸ್ತಿ. ಒಂದು ಗಂಟೆಯ ರೆಕಾರ್ಡಿಂಗನ್ನು ಕೈಯಲ್ಲೇ ಬರೆದುಕೊಳ್ಳಲು ನನಗೆ ನಾಲ್ಕು ಗಂಟೆ ಹಿಡಿಯುತ್ತದೆ. ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಮೂವತ್ತು ಸೆಕೆಂಡು ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಕತ್ತರಿಸಿದ ಜಾಗ ಮುಚ್ಚಲು ಅದೇ ಬೇಕು. ಒಂದು ಎಚ್ಚರಿಕೆ: ಹೆಸರು ಮುಚ್ಚಿಟ್ಟರೂ ದನಿ ಮುಚ್ಚಿಡಲಾಗದು. ಗೆಳೆಯರು ದನಿ ಕೇಳಿಯೇ ಗುರುತು ಹಿಡಿಯುತ್ತಾರೆ.

ಫೋಟೋ ಕಥೆ ಒಳ್ಳೆಯ ಮಧ್ಯದ ದಾರಿ, ಯಾಕೋ ಯಾರೂ ಮಾಡುವುದಿಲ್ಲ. ಎಂಟು ಚಿತ್ರ, ಚಿತ್ರಕ್ಕೆ ಎರಡು ಸಾಲು ಕ್ಯಾಪ್ಷನ್. ವಿಡಿಯೋದಷ್ಟು ಕೆಲಸ ಇಲ್ಲ, ತಿದ್ದಲೂ ಬರುತ್ತದೆ. ಗ್ರಾಫ್ ಬೇಕಾಗುವುದು ಹೋಲಿಸಲು ಸಾಕಷ್ಟು ಸಂಖ್ಯೆಗಳಿದ್ದಾಗ, ಎರಡು ಮೂರಕ್ಕೆ ಒಂದು ವಾಕ್ಯ ಸಾಕು. ಕಂಬದ ಗ್ರಾಫ್ ಸೊನ್ನೆಯಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಸಣ್ಣ ಏರಿಕೆ ಬೆಟ್ಟದ ಹಾಗೆ ಕಾಣುತ್ತದೆ.

ಕೈಯಲ್ಲಿರುವುದು ನೋಡಿಕೊಂಡು

ಒಬ್ಬರೇ ಇದ್ದೀರಿ, ಒಂದೇ ದಿನ ಇದೆ ಅಂದರೆ ಬರಹ, ಒಂದು ಫೋಟೋ, ತೊಂದರೆಗೆ ಸಿಕ್ಕ ಗುಂಪಿಗೆ ಮಾತ್ರ. ಮೂವರು, ಒಂದು ವಾರ ಇದ್ದರೆ ಬರಹವನ್ನು ಬೆನ್ನೆಲುಬು ಮಾಡಿಕೊಂಡು, ಅದರಲ್ಲಿ ಕಣ್ಣಿಗೆ ಕಾಣಲೇಬೇಕಾದ ಒಂದೇ ಒಂದು ಸಂಗತಿಗೆ ಒಂದು ನಿಮಿಷದ ವಿಡಿಯೋ ಮಾಡಿ. ಇಡೀ ಸೆಮಿಸ್ಟರ್ ಇದ್ದರೆ ದಾಖಲೆಗೆ ಅರ್ಜಿ ಹಾಕಿ, ಅಷ್ಟರೊಳಗೆ ಜನರ ಹತ್ತಿರ ಮಾತಾಡುತ್ತಿರಿ, ಪಾಡ್‌ಕಾಸ್ಟಾ ಉದ್ದದ ವರದಿಯಾ ಅನ್ನುವುದನ್ನು ಯಾರು ಹೇಗೆ ಮಾತಾಡಿದರು ಅಂತ ನೋಡಿ ಆಮೇಲೆ ಯೋಚಿಸಿ.

ಮೊನ್ನೆ ಇಬ್ಬರು ಕೇಳಿದ್ದು ಇದನ್ನೇ. ಹಾಸ್ಟೆಲಿನಲ್ಲಿ ರಾತ್ರಿ ಹಾಜರಿ ತೆಗೆದುಕೊಳ್ಳುವ ರೀತಿಯ ಬಗ್ಗೆ ನಾಲ್ಕು ಹುಡುಗಿಯರು ದೂರು ಹೇಳಿದ್ದಾರೆ, ಹೆಸರು ಬೇಡ ಅಂದಿದ್ದಾರೆ, ರೆಕಾರ್ಡಿಂಗ್ ತುಂಬಾ ಚೆನ್ನಾಗಿ ಬಂದಿದೆ, ಪಾಡ್‌ಕಾಸ್ಟ್ ಮಾಡಬೇಕು ಅಂತ ಆಸೆ. ನಾಲ್ವರಿಗೂ ಇದು ನೇರವಾಗಿ ಗೊತ್ತಾ ಅಂತ ಕೇಳಿದೆ. ಇಬ್ಬರಿಗೆ ಗೊತ್ತು, ಇನ್ನಿಬ್ಬರು ಅವರಿಂದ ಕೇಳಿದವರು. ಹಾಸ್ಟೆಲಿನ ನಿಯಮದ ಪುಸ್ತಕ ನೋಡಿದಿರಾ? ಇಲ್ಲ. ವಾರ್ಡನ್ ಹತ್ತಿರ ಮಾತಾಡಿದಿರಾ? ಇನ್ನೂ ಇಲ್ಲ. ಹಾಗಾದರೆ ಈಗಲೇ ರೂಪದ ಮಾತು ಬೇಡ ಅಂದೆ. ನಿಯಮದ ಪುಸ್ತಕ ತೆಗೆಸಿ, ಆ ಇಬ್ಬರ ಪರಿಚಯವಿಲ್ಲದ ಇನ್ನಿಬ್ಬರನ್ನು ಹುಡುಕಿ, ಯಾರು ದೂರು ಕೊಟ್ಟರು ಅನ್ನುವ ಸುಳಿವು ಬಿಡದೆ ವಾರ್ಡನ್‌ಗೆ ಪ್ರಶ್ನೆಗಳನ್ನು ಬರೆದು ಕೊಟ್ಟು ಎರಡು ದಿನ ಕಾಯಿರಿ. ಆ ರೆಕಾರ್ಡಿಂಗ್ ನಿಮ್ಮ ಟಿಪ್ಪಣಿಗೆ ಮಾತ್ರ ಇರಲಿ, ಹೊರಗೆ ಹೋಗುವುದು ಬರಹ. ಒಬ್ಬಳಿಗೆ ಸ್ವಲ್ಪ ಬೇಸರವಾಯಿತು, ಶೀರ್ಷಿಕೆ ಸಂಗೀತವನ್ನೂ ಆರಿಸಿಟ್ಟಿದ್ದಳಂತೆ. ಇನ್ನೊಬ್ಬಳು ಆಗಲೇ ನಿಯಮದ ಪುಸ್ತಕ ಯಾರ ಹತ್ತಿರ ಸಿಗುತ್ತದೆ ಅಂತ ಫೋನಿನಲ್ಲಿ ವಿಚಾರಿಸುತ್ತಿದ್ದಳು.